ಬಣ್ಣ ಹೋಗದ ಮನೆ

"ಹೋಯ್ತಾ?" ಅಂತ ಹಾಲಮ್ಮ ಮೊದಲ ಸಲ ಕೇಳಿದ್ದು ನಾನು ಆ ಮನೆಗೆ ಕಾಲಿಟ್ಟ ಒಂಬತ್ತನೆಯ ದಿನ. ಅವರು ಎದುರುಮನೆಯವರು, ವಯಸ್ಸಿನಲ್ಲಿ ಹಿರಿಯರು, ಕೇಳುವ ಹಕ್ಕಿದ್ದವರು. ನಮ್ಮೂರಲ್ಲಿ ಮದುವೆಯಾಗಿ ಬಂದ ಹೆಣ್ಣನ್ನು ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾನಾ ಅಂತ ಯಾರೂ ಕೇಳುವುದಿಲ್ಲ, ಹೋಯ್ತಾ ಅಂತಲೇ ಕೇಳುತ್ತಾರೆ. ಮನೆಯ ಬಣ್ಣ ಕಣ್ಣಿನಿಂದ ಹೋಯ್ತಾ ಅಂತ. ನಾನು ಸೆರಗು ಸರಿಮಾಡಿಕೊಂಡು, "ಇನ್ನೂ ಇಲ್ಲ ಹಾಲಮ್ಮ, ಹೋಗುತ್ತೆ ಬಿಡಿ" ಅಂದೆ. "ಹೂಂ, ಕೆಲವರಿಗೆ ಹದಿನೈದು ದಿನ ಹಿಡಿಯುತ್ತೆ" ಅಂತ ಹೇಳಿ, ಕೊಟ್ಟ ಕಾಫಿ ಕುಡಿದು ಎದ್ದು ಹೋದರು.

ನಮ್ಮೂರಲ್ಲಿ ತನ್ನದು ಅನ್ನುವ ಮನೆಯ ಬಣ್ಣ ಯಾರಿಗೂ ಕಾಣುವುದಿಲ್ಲ. ಗೋಡೆ, ಬಾಗಿಲು, ಅಂಗಳದ ಗಿಡ, ಗಿಡದ ಮೇಲಿನ ಹೂವು, ಎಲ್ಲವೂ ಹಳೆಯ ಫೋಟೋದಲ್ಲಿ ಇದ್ದ ಹಾಗೆ ಬೂದಿಬೂದಿ. ಪಕ್ಕದವರ ಮನೆ ಚೆನ್ನಾಗಿಯೇ ಕಾಣುತ್ತದೆ. ಬಾಡಿಗೆಗಿರುವವರಿಗಂತೂ ಎಲ್ಲವೂ ಕಾಣುತ್ತದೆ. ಹಾಗಾಗಿ ಗೋಡೆಗೆ ಬಣ್ಣ ಬಳಿಸಬೇಕೆಂದರೂ ಗಿಡ ನೆಡಬೇಕೆಂದರೂ ಒಂದು ಬಟ್ಟಲಲ್ಲಿ ಪುಟಾಣಿ ಸಕ್ಕರೆ ಹಾಕಿಕೊಂಡು ಮೂರು ಜನರನ್ನು ಕೇಳಿಬರಬೇಕು. ಪುಟಾಣಿ ಬಾಯಿಗೆ ಹಾಕಿಕೊಂಡವರು ಬಂದು ಗೇಟಿನ ಹತ್ತಿರ ನಿಂತು ನೋಡಿ ಸತ್ಯ ಹೇಳಬೇಕು. ಆಸ್ತಿ ಜಗಳ ಬಂದರೆ ಪಂಚರು ಗೋಡೆಗೆ ಆಗಷ್ಟೇ ಒಂದು ಪಟ್ಟೆ ಬಳಿಸಿ ಅದರ ಬಣ್ಣ ಕೇಳುತ್ತಾರೆ. ಕಾಣಿಸಿತು ಅಂದವನು ಸೋತ. ಇಬ್ಬರೂ ಕಾಣುವುದಿಲ್ಲ ಅನ್ನುತ್ತಾರೆ, ಜಗಳ ಹಾಗೇ ವರ್ಷಗಟ್ಟಲೆ ನಡೆಯುತ್ತದೆ. ಮದುವೆಯಾಗಿ ಹೊರಟ ಹುಡುಗಿ ಗೇಟಿನ ಹತ್ತಿರ ತಿರುಗಿ ನೋಡಿದಾಗ ತವರಿನ ಗೋಡೆಯ ಬಣ್ಣ ಮೊದಲ ಸಲ ಕಾಣುತ್ತದೆ. ನಮ್ಮೂರ ಮದುವೆಗಳಲ್ಲಿ ಹೆಣ್ಣುಮಕ್ಕಳು ಅಷ್ಟು ಅಳುವುದು ಅದಕ್ಕೇ.

ನನಗೆ ಆ ಅಳು ಸಿಗಲಿಲ್ಲ. ನನ್ನ ಅಪ್ಪ ಜೀವನಪೂರ್ತಿ ಬಾಡಿಗೆ ಮನೆಯಲ್ಲೇ ಇದ್ದವರು. ಅವರು ಹೋದ ಮೇಲೆ ನಾನೂ ಬಾಡಿಗೆ ರೂಮಿನಲ್ಲೇ ಇದ್ದೆ, ಬಸ್ ಸ್ಟ್ಯಾಂಡಿನ ಹಿಂದೆ ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೆ. ಸೀರೆ ತಂದರೆ ಕಣ್ಣಲ್ಲೇ ಅಳೆದು ಅದಕ್ಕೆ ಸರಿಹೊಂದುವ ಬ್ಲೌಸ್ ಪೀಸು, ಲೈನಿಂಗು, ದಾರ ಎಳೆದು ಕೊಡುತ್ತಿದ್ದೆ. ಬದನೆಕಾಯಿ ಬಣ್ಣಕ್ಕೂ ನೇರಳೆ ಬಣ್ಣಕ್ಕೂ ವ್ಯತ್ಯಾಸ ತಿಳಿಯದವರಿಗೆ ಬೈದು ಕಳಿಸುತ್ತಿದ್ದೆ. ಊರಿನ ಅರ್ಧ ಮನೆಗಳ ಗೋಡೆಗೆ ಬಣ್ಣ ಹೇಳಿದವಳು ನಾನು. ಯಾರು ಪುಟಾಣಿ ಬಟ್ಟಲು ಹಿಡಿದುಕೊಂಡು ಬಂದರೂ ಹೋಗಿ, ಗೇಟಿನ ಹತ್ತಿರ ನಿಂತು ಹೇಳಿ ಬರುತ್ತಿದ್ದೆ. ಒಳಗಿನಿಂದ ಆ ಹೆಂಗಸರು ಕಣ್ಣು ಕಿರಿದು ಮಾಡಿಕೊಂಡು ತಮ್ಮದೇ ಗೋಡೆಯನ್ನು ನೋಡುತ್ತಾ, ನಮಗೆಲ್ಲಿ ಕಾಣಬೇಕು ಪಂಕಜಕ್ಕ ಅನ್ನುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ನಲವತ್ಮೂರು ವರ್ಷ ನನಗೆ ಬೇಕಾಗಿದ್ದು ಅದೊಂದೇ, ಬಣ್ಣ ಕಾಣದ ಒಂದು ಮನೆ.

ಆಗ ಬಂದವರು ಹಿಟ್ಟಿನ ಗಿರಣಿ ರುದ್ರಮುನಿ. ಹೆಂಡತಿ ಕಾತ್ಯಾಯಿನಿ ತೀರಿಕೊಂಡು ಐದು ವರ್ಷವಾಗಿತ್ತು. ಪ್ರತಿ ಹಬ್ಬಕ್ಕೂ ಮಗಳಿಗೆ ಬ್ಲೌಸ್ ಪೀಸು ಆರಿಸಲು ನನ್ನ ಅಂಗಡಿಗೆ ಬಂದು, ರೆಪ್ಪೆಯ ಮೇಲೆ ಹಿಟ್ಟು ಇಟ್ಟುಕೊಂಡೇ ಅರ್ಧ ಗಂಟೆ ಗೊಂದಲಪಟ್ಟು, ಕೊನೆಗೆ "ನೀವೇ ಕೊಟ್ಬಿಡಿ ಯಾವ್ದಾದ್ರೂ" ಅನ್ನುತ್ತಿದ್ದರು. ಹಾಗೆ ಕೊಟ್ಟೂ ಕೊಟ್ಟೂ ಮದುವೆಯೇ ಆಯಿತು. ಮಗಳು ಅಂಬಿಕಾಗೆ ಹತ್ತೊಂಬತ್ತು, ಬಿಕಾಂ ಎರಡನೆಯ ವರ್ಷ. ನನ್ನನ್ನು ಅಂಗಡಿಯಲ್ಲಿ ಕರೆಯುತ್ತಿದ್ದ ಹಾಗೇ ಪಂಕಜಕ್ಕ ಅಂತ ಕರೆದಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ, ಕಡಿಮೆಯೂ ಮಾಡಲಿಲ್ಲ.

ಮನೆ ಈರುಳ್ಳಿ ಬಣ್ಣದ್ದು. ಬಾಗಿಲಿಗೆ ಇಟ್ಟಿಗೆ ಕೆಂಪು, ಗೇಟಿನ ಎರಡೂ ಕಡೆ ಕಾತ್ಯಾಯಿನಿ ನೆಟ್ಟ ಸ್ಫಟಿಕದ ಹೂಗಿಡಗಳ ಬೇಲಿ, ಮೈತುಂಬ ನೇರಳೆ ಹೂವು. ಮೊದಲ ದಿನ ನೋಡಿ ಪರವಾಗಿಲ್ಲ ಅನ್ನಿಸಿತು, ಹೇಗೂ ಎರಡು ವಾರದಲ್ಲಿ ಹೋಗುವ ಬಣ್ಣ ಅಂತ ಕಣ್ಣು ತುಂಬ ನೋಡಿಕೊಂಡೆ. ಹದಿನೈದು ದಿನವಾಯಿತು, ತಿಂಗಳಾಯಿತು, ಎರಡು ತಿಂಗಳಾಯಿತು. ಬೆಳಿಗ್ಗೆ ಎದ್ದ ತಕ್ಷಣ ಕಣ್ಣು ಬಿಡಲು ಹೆದರುತ್ತಿದ್ದೆ. ಬಿಟ್ಟರೆ ಈರುಳ್ಳಿ ಬಣ್ಣ. ಗಂಡನೋ, ಒಂದು ಸಲ ಬಾಗಿಲು ತೋರಿಸಿ, "ಇದು ಏನ್ ಬಣ್ಣ ಅಂತ ಕಾತ್ಯಾಯಿನಿ ಒಂದ್ ಸಲ ಹೇಳಿದ್ಲು, ಮರ್ತೋಯ್ತು" ಅಂದರು. ಇಟ್ಟಿಗೆ ಕೆಂಪು ಅಂತ ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಮೂರನೆಯ ತಿಂಗಳು ಹಾಲಮ್ಮ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. "ನೋಡು ಪಂಕಜ, ಅವಳು ಮಾಡಿದ್ದೆಲ್ಲಾ ಹಂಗೇ ಐತೆ. ಅವಳ ಗೋಡೆ, ಅವಳ ಗಿಡ. ನಿನ್ ಕಣ್ಣಿಗೆ ಇದು ಅವಳ ಮನೇನೇ. ಒಂದ್ ಕಡೆಯಿಂದ ಎಲ್ಲಾ ತೆಗ್ಸು. ನಿನ್ ಕೈಯಾರೆ ಹೊಸದು ಮಾಡು, ತಾನಾಗೇ ಹೋಗುತ್ತೆ." ನನಗೂ ಅದು ಸರಿ ಅನ್ನಿಸಿತು. ಮಾರನೆಯ ದಿನವೇ ಬಟ್ಟಲಲ್ಲಿ ಪುಟಾಣಿ ಸಕ್ಕರೆ ಹಾಕಿಕೊಂಡು ಹೊರಟೆ. ಜೀವಮಾನದಲ್ಲಿ ಮೊದಲ ಸಲ ಕೇಳಲು ಹೊರಟಿದ್ದೆ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಜಂಬವಿತ್ತು.

ಆ ಜಂಬ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಹಾಲಮ್ಮ ಗೇಟಿನ ಹತ್ತಿರ ನಿಂತು, ಹಾಲ್‌ಗೆ ಗಿಳಿ ಹಸಿರು ಬಳಿಸು, ಕಿಟಕಿಯಲ್ಲಿ ನನ್ನ ಕಣ್ಣಿಗೆ ತಂಪಾಗಿ ಕಾಣುತ್ತೆ, ಸ್ಫಟಿಕ ಕಿತ್ತು ಕಣಗಿಲೆ ಹಾಕು ಅಂದರು. ಮೂಲೆಮನೆ ಸರೋಜಿನಿ ಟೀಚರು ಬಂದು, ಹಸಿರು ಬಳಿದರೆ ಆಸ್ಪತ್ರೆ ಥರ ಕಾಣುತ್ತೆ, ಮಾವಿನ ಹಣ್ಣಿನ ಹಳದಿ ಹಾಕ್ಸಿ, ಕಣಗಿಲೆ ವಿಷ, ಹಾಕಲೇಬೇಡಿ, ನಂದಬಟ್ಟಲು ಹಾಕಿ ಅಂದರು. ಆಮೇಲೆ ಯೋಚಿಸಿ, ನಂದಬಟ್ಟಲು ಬಿಳಿ, ನಿಮಗೆ ಹೇಗೂ ಬೂದಿ ಕಾಣೋದು, ಬಿಳಿಗೂ ಬೂದಿಗೂ ಏನು ಮಹಾ ವ್ಯತ್ಯಾಸ, ದುಡ್ಡು ದಂಡ ಅಂತ ತಮ್ಮ ಮಾತನ್ನು ತಾವೇ ವಾಪಸು ತೆಗೆದುಕೊಂಡರು. ಮೂರನೆಯವನು ಪೇಂಟರ್ ಗೌಸ್. ಅವನು ಒಂದು ಹಿಡಿ ಪುಟಾಣಿ ಬಾಯಿಗೆ ಹಾಕಿಕೊಂಡು, "ಅಕ್ಕ, ಸತ್ಯ ಹೇಳ್ಬೇಕು ಅಂತಾನೇ ಪುಟಾಣಿ ಕೊಡೋದಲ್ವಾ? ಸತ್ಯ ಏನಂದ್ರೆ ನನ್ ಹತ್ರ ಒಂದೂವರೆ ಡಬ್ಬ ಹಸಿರು ಉಳಿದೈತೆ" ಅಂದ.

ಬಟ್ಟಲು ಖಾಲಿಯಾಗಿತ್ತು, ತಲೆ ತುಂಬಿಹೋಗಿತ್ತು. ನನಗೆ ಗೊತ್ತಿತ್ತು, ಆ ಹಾಲ್‌ನ ಬೆಳಕಿಗೆ ಸರಿಹೊಂದುವುದು ತುಪ್ಪದ ಬಣ್ಣ ಅಂತ. ಕಣ್ಣಾರೆ ಕಾಣುತ್ತಿತ್ತು. ಆದರೆ ಮನೆಯೊಡತಿ ಆಗಬೇಕಾದವಳು ಅದನ್ನು ಹೇಳುವ ಹಾಗಿಲ್ಲ. ಇಡೀ ಊರಿಗೆ ಬಣ್ಣ ಹೇಳಿದವಳು ನನ್ನ ಮನೆಯ ವಿಷಯಕ್ಕೆ ಬಾಯಿ ಮುಚ್ಚಿಕೊಂಡು ಕುಳಿತೆ. ಗಂಡನನ್ನು ಕೇಳಿದರೆ, "ನಂಗೆಲ್ಲಾ ಒಂದೇ ಪಂಕಜ, ನಿಂಗೆ ಸಮಾಧಾನ ಆಗೋದು ಮಾಡು" ಅಂದರು. ಅಂಬಿಕಾಳನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಅಂತ ಈಗ ಹೇಳುತ್ತೇನೆ, ಆಗ ಹೊಳೆದಿತ್ತೇನೋ, ಬೇಡ ಅಂತ ಬಿಟ್ಟೆನೇನೋ, ನನಗೇ ಸರಿಯಾಗಿ ತಿಳಿಯದು.

ಹಾಲ್ ಗಿಳಿ ಹಸಿರಾಯಿತು. ಅಡುಗೆಮನೆಗೆ ಟೀಚರಿಗೆ ಬೇಜಾರಾಗದಿರಲಿ ಅಂತ ಹಳದಿ. ಇಟ್ಟಿಗೆ ಕೆಂಪಿನ ಬಾಗಿಲಿಗೆ ಕಾಫಿ ಪುಡಿ ಬಣ್ಣ. ಸ್ಫಟಿಕದ ಬೇಲಿ ಕೀಳಿಸಿದ ದಿನ ಅಂಬಿಕಾ ಕಾಲೇಜಿಗೆ ಹೋಗದೆ ಮೆಟ್ಟಿಲ ಮೇಲೆ ನಿಂತಿದ್ದಳು. ಗೇಟಿನ ಆಚೆ ರಾಶಿ ಹಾಕಿದ ಗಿಡಗಳಿಂದ ಒಂದು ಹಿಡಿ ಹೂವು ಕಿತ್ತುಕೊಂಡು, ಅದನ್ನೇ ನೋಡುತ್ತಾ ಸುಮಾರು ಹೊತ್ತು ನಿಂತು, ತನ್ನ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮನ ಗಿಡ, ಸಂಕಟ ಆಗುತ್ತೆ ಅಂದುಕೊಂಡೆ. ಬೇಲಿಯ ಜಾಗದಲ್ಲಿ ಕಣಗಿಲೆ ಬಂತು, ವಿಷ ಅನ್ನುವುದನ್ನು ಮರೆತ ಹಾಗೆ ಮಾಡಿದೆ. ಇಷ್ಟೆಲ್ಲ ಆಗಿ ವಾರ ಕಳೆದು ಕಣ್ಣು ಬಿಟ್ಟು ನೋಡಿದರೆ ಗೋಡೆಯ ಹಸಿರು ನನ್ನನ್ನೇ ನೋಡುತ್ತಿತ್ತು. ಮೊದಲಿಗಿಂತ ಜೋರಾಗಿ.

ಆವತ್ತು ಸಂಜೆ ಹಾಲಮ್ಮ, ಟೀಚರು ಇಬ್ಬರೂ ಬಂದು ಕುಳಿತು, "ಈಗ್ಲಾದ್ರೂ ಹೋಯ್ತಾ?" ಅಂದಾಗ ನಾನು, "ಹೋಯ್ತು" ಅಂದೆ. ಟೀಚರು ನನ್ನ ಕೈ ಹಿಡಿದು ಒತ್ತಿದರು, ಹಾಲಮ್ಮ ಎದ್ದು ಹಣೆಗೆ ಕುಂಕುಮ ಇಟ್ಟರು. ಅಲ್ಲಿಂದ ಶುರುವಾಯಿತು ನನ್ನ ಪಾಡು. ಹಣ್ಣಾದ ಟೊಮೇಟೊ ಯಾವುದು ಅಂತ ಹಿತ್ತಲಿಗೆ ಬೇರೆಯವರನ್ನು ಕರೆಯಬೇಕು. ಎದುರಿಗಿರುವ ಹಸಿರು ಗೋಡೆಗೆ ಮೈಯೆಲ್ಲಾ ಉರಿಯುತ್ತಿದ್ದರೂ ಸುಮ್ಮನೆ ಕೂರಬೇಕು. ಒಂದು ಸಲ ಮರೆತು ಹಾಲಮ್ಮನೆದುರಿಗೇ ಹಣ್ಣು ಮೆಣಸಿನಕಾಯಿ ಮಾತ್ರ ಆರಿಸಿ ಕಿತ್ತುಬಿಟ್ಟೆ, ಕೈಗೆ ಮೆತ್ತಗೆ ಸಿಕ್ಕವು ಅಂತ ಸುಳ್ಳು ಹೇಳಿದೆ. ಯಾವುದು ನಾಟಕ, ಯಾವುದು ನಿಜ ಅಂತ ನನಗೇ ಗೋಜಲು. ಕೆಲವು ದಿನ ನಿಜವಾಗಿಯೂ ಹೋಗಿದೆಯೇನೋ ಅನ್ನಿಸಿ ಓಡಿ ಹೋಗಿ ಬಾಗಿಲು ನೋಡುತ್ತಿದ್ದೆ, ಕಾಫಿ ಪುಡಿ.

ಆ ಬಾಗಿಲ ಹಿಂದೆಯೇ ನಾವಿಬ್ಬರೂ ಸಿಕ್ಕಿಬಿದ್ದದ್ದು. ಒಂದೂವರೆ ಡಬ್ಬ ಸಾಲದೆ ಗೌಸ್ ಕೊನೆಯ ಮೂಲೆಗೆ ಬೇರೆ ಯಾವುದೋ ಹಸಿರು ಕಲಸಿ ಬಳಿದುಹೋಗಿದ್ದ. ನೋಡಿದವರಿಗೆ ಕಣ್ಣಿಗೆ ಹೊಡೆಯುವಷ್ಟು ಬೇರೆ. ಬಾಗಿಲು ತೆರೆದರೆ ಮುಚ್ಚಿಹೋಗುವ ಜಾಗವಾದ್ದರಿಂದ ಹೊರಗಿನವರು ಯಾರೂ ನೋಡಿರಲಿಲ್ಲ, ಗೌಸ್ ತಾನಾಗಿ ಹೇಳುವವನಲ್ಲ. ಒಂದು ಭಾನುವಾರ ನಾನು ಕಸ ಗುಡಿಸುತ್ತಿದ್ದೆ, ಅಂಬಿಕಾ ಚಪ್ಪಲಿ ಹುಡುಕುತ್ತಾ ಬಾಗಿಲು ಸರಿಸಿ, ತನಗೆ ತಾನೇ ಅಂದುಕೊಂಡ ಹಾಗೆ, "ಈ ಮೂಲೆ ಒಂದು, ತೇಪೆ ಹಾಕಿದಂಗೆ" ಅಂದಳು. "ಹೂಂ, ನಾನೂ ಅವತ್ತಿಂದ ನೋಡ್ತಿದೀನಿ, ಅವ್ನಿಗೆ ಹೇಳ್ಬೇಕು" ಅಂದೆ. ಅಂದವಳೇ ಪೊರಕೆ ಹಿಡಿದು ಹಾಗೇ ನಿಂತೆ. ಅವಳು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ನಿಮಗೆ ಹೋಗಿಲ್ವಾ?" ಅಂದಳು. "ಇಲ್ಲ" ಅಂದೆ. "ನಿಂಗೆ ಯಾವಾಗಿಂದ ಕಾಣ್ತಿದೆ?" ಅವಳು ಮೆಟ್ಟಿಲ ಮೇಲೆ ಕುಳಿತುಕೊಂಡಳು. "ಬೇಲಿ ಕಿತ್ತ ದಿನ ಕಾಣಿಸ್ತು. ಹತ್ತೊಂಬತ್ತು ವರ್ಷ ಅಮ್ಮನ ಹೂವ ಬೂದಿ ಅಂತಲೇ ನೋಡಿದ್ದು ನಾನು. ರಾಶಿ ಹಾಕಿದ್ರಲ್ಲ, ಆವಾಗ ನೇರಳೆ ಅಂತ ಗೊತ್ತಾಯ್ತು. ಗೇಟಿನ ಆಚೆ ಬಿದ್ದಿದೆ, ಅದಕ್ಕೆ ಕಾಣ್ತಿದೆ ಅಂದ್ಕೊಂಡೆ. ಒಳಗೆ ಬಂದ್ರೆ ಗೋಡೇನೂ ಹಸಿರು." ಅವಳು ಅಳಲಿಲ್ಲ. ಮದುವೆಯಾಗದೆ, ಗೇಟು ದಾಟದೆ ಬಣ್ಣ ಕಂಡ ಹುಡುಗಿಯ ಬಗ್ಗೆ ನಮ್ಮೂರಲ್ಲಿ ನಾನು ಕೇಳಿರಲಿಲ್ಲ. "ಅಪ್ಪಂಗೆ ಹೇಳಿಲ್ಲ. ಹಾಸ್ಟೆಲ್‌ಗೆ ಅರ್ಜಿ ಹಾಕಿದೀನಿ. ಅಲ್ಲಿ ಹೆಂಗೂ ಎಲ್ಲರಿಗೂ ಕಾಣುತ್ತಲ್ಲ" ಅಂದಳು.

ನನಗೆ ಒಂದು ಮನೆ ಬೇಕಿತ್ತು ನಿಜ. ಒಬ್ಬಳ ಮನೆ ಕಿತ್ತುಕೊಂಡು ಬೇಕಿತ್ತು ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಕಿತ್ತದ್ದು ಅವಳಿಂದ, ನನಗೂ ದಕ್ಕಲಿಲ್ಲ, ನಡುವೆ ಎಲ್ಲಿ ಹೋಯಿತು ಅದು? ನಾಚಿಕೆಯಾಯಿತು. "ಈ ಹಸಿರು ನಿಂಗೆ ಹಿಡಿಸಿದೆಯಾ?" ಅಂದೆ. "ಅಸಹ್ಯವಾಗಿದೆ" ಅಂದಳು. "ನಂಗೂ" ಅಂದೆ. "ಹಾಗಾದ್ರೆ ಯಾವ್ದು ಬೇಕು ಹೇಳು." "ನನ್ನ ಮನೆ ಅಲ್ವಲ್ಲ, ನಾನ್ಯಾಕೆ ಹೇಳ್ಲಿ?" ಅಂದಳು. "ನಂದೂ ಅಲ್ಲ. ಹಾಸ್ಟೆಲ್‌ಗೆ ಹೋಗೋವರೆಗಾದ್ರೂ ಕಣ್ಣಿಗೆ ಹಿತವಾಗಿರ್ಲಿ." ಅವಳು ಚಪ್ಪಲಿ ಕೆಳಗಿಟ್ಟಳು.

ಮಾರನೆಯ ದಿನ ಅಂಗಡಿಯಿಂದ ಅರವತ್ತು ಬ್ಲೌಸ್ ಪೀಸು ಹೊತ್ತು ತಂದೆ. ಹಗ್ಗ ಕಟ್ಟಿ ಹಾಲ್‌ನ ಗೋಡೆಗೆಲ್ಲಾ ಇಳಿಬಿಟ್ಟೆವು. ಪುಟಾಣಿ ಇಲ್ಲ, ಮೂರು ಜನ ಇಲ್ಲ, ಬಾಗಿಲು ಹಾಕಿಕೊಂಡು ನಾವಿಬ್ಬರೇ. ಬೆಳಗಿನ ಬಿಸಿಲಲ್ಲಿ ಒಂದು ಸಲ, ಮಧ್ಯಾಹ್ನ ಒಂದು ಸಲ ನೋಡಿ, ಒಂದೊಂದಾಗಿ ತೆಗೆಯುತ್ತಾ ಬಂದಳು. ನಾನು ತುಪ್ಪದ ಬಣ್ಣವನ್ನು ಮುಂದೆ ಮುಂದೆ ತಳ್ಳಿದೆ. ಅವಳು ಅದನ್ನು ಮಡಿಚಿ ಪಕ್ಕಕ್ಕಿಟ್ಟು ತಿಳಿ ಆಕಾಶ ನೀಲಿ ಹಿಡಿದುಕೊಂಡಳು. ಆ ಹಾಲ್‌ಗೆ ನೀಲಿ ಹೊಂದುವುದಿಲ್ಲ, ಬೆಳಕು ಸಾಲದು, ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ನೀಲಿಯೇ ಆಯಿತು. ಕಣಗಿಲೆಯನ್ನು ಅವಳೇ ಕಿತ್ತಳು. ಅಮ್ಮನ ಸ್ಫಟಿಕವನ್ನೇ ತಂದು ನೆಡುತ್ತಾಳೆ ಅಂದುಕೊಂಡಿದ್ದೆ, ಕಾಲೇಜಿನ ಗೆಳತಿಯ ಮನೆಯಿಂದ ಒಂದು ಚೀಲ ಡೇರೆ ಹೂವಿನ ಗಡ್ಡೆ ತಂದಳು. ಯಾವ ಗಡ್ಡೆಯಿಂದ ಯಾವ ಬಣ್ಣ ಬರುತ್ತದೆ ಅಂತ ಕೊಟ್ಟವರಿಗೂ ಗೊತ್ತಿಲ್ಲ. ಸಾಲು ಹಿಡಿಯದೆ, ಅಂತರ ನೋಡದೆ, ಮನಸ್ಸಿಗೆ ಬಂದ ಕಡೆ ಹೂತಳು. ಇಲ್ಲಿ ನೆರಳು, ಅಲ್ಲಿ ನೀರು ನಿಲ್ಲುತ್ತೆ ಅಂತ ನನ್ನ ನಾಲಗೆ ತುರಿಸಿತು.

ಹಾಸ್ಟೆಲ್‌ನವರು ಸೀಟು ಇದೆ ಅಂತ ಪತ್ರ ಬರೆದರು. ಅವಳು ಅದನ್ನು ಟಿವಿಯ ಮೇಲಿಟ್ಟಳು, ಅಲ್ಲೇ ಇತ್ತು. ಗಿಡಗಳು ಮೊಳಕೆಯೊಡೆದು ಮೊಣಕಾಲುದ್ದ ಬಂದವು. ಅವಳಿಗೆ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ ಅಂತ ನಾನು ಕೇಳಲಿಲ್ಲ. ಬೇರೆಯವರು ನನ್ನನ್ನು ಹಾಗೆ ಕೇಳಿದ್ದು ಸಾಕಾಗಿತ್ತು. ನನಗೆ ಮಾತ್ರ ಎಲ್ಲವೂ ಕಾಣುತ್ತಿತ್ತು, ಆ ಹೊಂದದ ನೀಲಿಯೂ. ಆದರೆ ಊರಿನ ಪಾಲಿಗೆ ನಾನು ಬಣ್ಣ ಹೋದವಳು, ಮನೆಯೊಡತಿ. ಕುಂಕುಮಕ್ಕೆ ಕರೆಯುವಾಗ ರುದ್ರಮುನಿ ಮನೆಯವರು ಅಂತ ನನ್ನನ್ನೇ ಮೊದಲು ಕೂಗುತ್ತಿದ್ದರು. ಅದು ನನಗೆ ಹಿತವಾಗಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಒಂದು ಶುಕ್ರವಾರ ಬೆಳಿಗ್ಗೆ ಹಾಲಮ್ಮ, ಟೀಚರು ಬಂದು ಹಾಲ್‌ನಲ್ಲಿ ಕುಳಿತಿದ್ದರು. ನೀಲಿ ಯಾರು ಹೇಳಿದ್ದು, ನಮ್ಮನ್ನು ಕೇಳಲೇ ಇಲ್ಲವಲ್ಲ ಅನ್ನುವುದು ಅವರ ದೂರು. ನಾನು ಕಾಫಿ ಕೊಡುತ್ತಾ ಏನೋ ಸಬೂಬು ಹೇಳುತ್ತಿದ್ದೆ. ಅಂಗಳದಿಂದ ಅಂಬಿಕಾ ಕೂಗಿದಳು. "ಪಂಕಜಕ್ಕ, ಮೊದಲ್ನೇದು ಅರಳಿದೆ. ಯಾವ ಬಣ್ಣ ಇದು?"

ಇವರಿಬ್ಬರ ಎದುರಿಗೆ ನಾಟಕವಾಡುತ್ತಿದ್ದಾಳೆ ಅಂತ ಮೊದಲು ಅನ್ನಿಸಿತು. ಕಿಟಕಿಯಿಂದ ನೋಡಿದೆ. ಅವಳಿಗೆ ಒಳಗೆ ಯಾರಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಮೊಣಕಾಲೂರಿ ಕುಳಿತು, ಮಣ್ಣು ಕೈಯಲ್ಲಿ ಹೂವನ್ನು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಗೇಟುಗಳ ಹತ್ತಿರ ನಿಂತು ಇಪ್ಪತ್ತು ವರ್ಷ ನೋಡಿದ್ದೇನೆ, ಹೊಟ್ಟೆ ಉರಿಸಿಕೊಂಡಿದ್ದೇನೆ. ಅವಳಿಗೆ ಕಾಣುತ್ತಿರಲಿಲ್ಲ. ಮನೆ ಅವಳಿಗೆ ವಾಪಸು ಬಂದಿತ್ತು.

"ಅವಳೇನ್ ಇವಳನ್ನ ಕೇಳ್ತಾಳೆ, ತಾಳು ನಾನ್ ಹೋಗಿ ಹೇಳ್ತೀನಿ" ಅಂತ ಹಾಲಮ್ಮ ಲೋಟ ಕೆಳಗಿಟ್ಟು ಎದ್ದರು. ಸುಮ್ಮನಿದ್ದರೆ ಅವರು ಹೋಗಿ ಹೇಳುತ್ತಿದ್ದರು, ಕೆಂಪು ಅಂತ ಒಂದೇ ಮಾತಲ್ಲಿ. ನಾನು ಮನೆಯೊಡತಿಯಾಗಿಯೇ ಉಳಿಯುತ್ತಿದ್ದೆ. ನಾನು ಕಿಟಕಿಯಿಂದಲೇ, "ಕೆಂಪು. ಎಸಳಿನ ತುದಿಗೆ ಮಾತ್ರ ಬಿಳಿ" ಅಂದೆ. ಹಾಲಮ್ಮ ಹೂವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನಿಂಗೆ ಹೋಗಿತ್ತಲ್ಲ?" ಅಂದರು. "ಇಲ್ಲ ಹಾಲಮ್ಮ. ಒಂದು ದಿನಾನೂ ಹೋಗಿಲ್ಲ." ಟೀಚರು ಕಾಫಿಯನ್ನೇ ನೋಡುತ್ತಾ ಕುಳಿತರು. ಸಂಜೆಯೊಳಗೆ ಊರೆಲ್ಲಾ ಗೊತ್ತಾಗುತ್ತದೆ, ಇನ್ನು ಕುಂಕುಮಕ್ಕೆ ಯಾರ ಹೆಸರು ಕೂಗುತ್ತಾರೋ ಗೊತ್ತಿಲ್ಲ ಅನ್ನುವುದೆಲ್ಲಾ ತಲೆಯಲ್ಲಿ ಓಡುತ್ತಿತ್ತು.

ಅಂಬಿಕಾ ಕಿಟಕಿಯ ಹತ್ತಿರ ಬಂದಳು. ಒಳಗೆ ಕುಳಿತವರನ್ನು ಕಂಡಳು, ಏನಾಯಿತು ಅಂತ ಅರ್ಥವಾಗಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ನಾನು ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದೆ. ಅವಳು ಸರಳುಗಳ ನಡುವೆ ಕೈ ಹಾಕಿ ನನ್ನ ಸೆರಗು ಜಗ್ಗಿದಳು, ಸೆರಗಿಗೆಲ್ಲಾ ಮಣ್ಣಾಯಿತು. "ಬರೀ ಕೆಂಪು ಅಂದ್ರೆ ನಂಗ್ ಏನ್ ಗೊತ್ತಾಗ್ಬೇಕು?" ಅಂದಳು. "ಹೊರಗ್ ಬನ್ನಿ. ಹತ್ರ ಕೂತ್ಕೊಂಡು ಸರಿಯಾಗಿ ಹೇಳಿ. ಇನ್ನೂ ಹನ್ನೊಂದು ಮೊಗ್ಗಿವೆ, ನೀವು ಹೇಳ್ದಿದ್ರೆ ನಂಗ್ ಇನ್ಯಾರ್ ಹೇಳ್ತಾರೆ?"